ಹೈಸ್ಕೂಲು ಮಕ್ಕಳಿಗೆ ಬೇಸಾಯದ ವೃತ್ತಿ ಶಿಕ್ಷಣ: ಒಂದು ಗುಂಟೆ ಹೊಲ, ಒಂದು ಲೆಕ್ಕದ ಪುಸ್ತಕ



ಕ್ಷೇತ್ರೋತ್ಸವಗಳಿಗೆ ಹೋದಾಗ ನೀವು ನನ್ನನ್ನು ಕೇಳುವ ಪ್ರಶ್ನೆಗಳಲ್ಲಿ ಅರ್ಧದಷ್ಟು ಬೆಳೆಗೆ ಸಂಬಂಧಿಸಿದವು. ಉಳಿದರ್ಧ ಮಕ್ಕಳಿಗೆ ಸಂಬಂಧಿಸಿದವು. ತಳಿ, ಗೊಬ್ಬರ, ಕಳೆನಾಶಕಗಳ ಮಾತೆಲ್ಲ ಮುಗಿದು, ಊಟದ ಎಲೆಯ ಮುಂದೆ ಕುಳಿತ ಮೇಲೆ ಯಾರಾದರೊಬ್ಬರು ಮೆಲ್ಲಗೆ ಕೇಳುತ್ತಾರೆ: "ಮೇಡಂನೋರೆ, ಹುಡುಗ ಈ ಸಲ ಹತ್ತನೇ ಕ್ಲಾಸು. ಮುಂದೆ ಏನು ಓದಿಸೋಣ? ನಮ್ಮ ಥರ ಮಣ್ಣು ಹೊರೋದು ಮಾತ್ರ ಬ್ಯಾಡ."

ಈ ಮಾತಿನ ಕೊನೆಯ ಭಾಗ ನನ್ನನ್ನು ಯಾವಾಗಲೂ ಕುಟುಕುತ್ತದೆ. ಬೇಸಾಯ ಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು, ಬೇಸಾಯವನ್ನೇ ನಂಬಿ ಸಂಬಳ ಎಣಿಸುವವಳು ನಾನು. ಎದುರಿಗೆ ಕುಳಿತವರು ಬೇಸಾಯ ಮಾಡುತ್ತಲೇ ಅದು ತಮ್ಮ ಮಗನಿಗೆ ಬೇಡವೆನ್ನುತ್ತಾರೆ. ಅವರ ಮಾತು ತಪ್ಪೆಂದು ಹೇಳುವ ಧೈರ್ಯ ನನಗಿಲ್ಲ. ಆದರೆ ಒಂದನ್ನು ಕೇಳಬಲ್ಲೆ. ಮಗ ಬೇಸಾಯ ಕಲಿತು ಬೇಡವೆಂದನೋ, ಅಥವಾ ಕಲಿಯುವ ಮೊದಲೇ ಬೇಡವೆಂದು ನೀವು ತೀರ್ಮಾನ ಮಾಡಿದಿರೋ? ಹತ್ತನೆಯ ತರಗತಿಯಲ್ಲಿ ಅನುತ್ತೀರ್ಣನಾದ ಹುಡುಗ ಕೊನೆಗೆ ಬರುವುದು ಅದೇ ಹೊಲಕ್ಕೆ. ಆಗ ಅವನ ಕೈಯಲ್ಲಿ ಪುಸ್ತಕದ ವಿದ್ಯೆಯೂ ಇರುವುದಿಲ್ಲ, ನೇಗಿಲಿನ ವಿದ್ಯೆಯೂ ಇರುವುದಿಲ್ಲ.

ಹತ್ತನೆಯ ತರಗತಿಯ ನಂತರದ ದಾರಿಗಳನ್ನು ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಈ ಲೇಖನದ ವಿಷಯ ಅದಲ್ಲ. ರಾಜ್ಯದ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವರಿಗೆ ಎರಡು ವರ್ಷದ ಕೃಷಿ ಡಿಪ್ಲೊಮಾ ಇದೆ, ಪಾಠಗಳೆಲ್ಲ ಕನ್ನಡದಲ್ಲಿ. ಪಶು ಸಂಗೋಪನೆಯಲ್ಲಿಯೂ ಇಂಥದೇ ಎರಡು ವರ್ಷದ ಡಿಪ್ಲೊಮಾ ಉಂಟು. ತೋಟಗಾರಿಕೆ ಇಲಾಖೆಯು ರೈತರ ಮಕ್ಕಳಿಗೆಂದೇ 10 ತಿಂಗಳ ತರಬೇತಿಯನ್ನು ತನ್ನ ತರಬೇತಿ ಕೇಂದ್ರಗಳಲ್ಲಿ ನಡೆಸುತ್ತ ಬಂದಿದೆ. ಯಂತ್ರಗಳಲ್ಲಿ ಕೈಯಾಡಿಸುವ ಹುಡುಗನಿಗೆ ಐಟಿಐ ಇದೆ. ಅರ್ಜಿ ಕರೆಯುವುದು ಫಲಿತಾಂಶ ಬಂದ ಹಿಂದೆಯೇ. ನಿಮ್ಮ ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿದರೆ ತಿಳಿಯುತ್ತದೆ.

ನಾನು ಹೇಳಬೇಕೆಂದಿರುವುದು ಇದಕ್ಕೂ ಮೊದಲಿನ ಮೂರು ವರ್ಷಗಳ ಬಗ್ಗೆ. ಎಂಟು, ಒಂಬತ್ತು, ಹತ್ತು. ಮಗುವಿಗೆ 13ರಿಂದ 16 ವರ್ಷ. ಕೈಯೂ ಬುದ್ಧಿಯೂ ಒಟ್ಟಿಗೆ ಬಲಿಯುವ ವಯಸ್ಸು.

ಶಾಲೆಯ ತೋಟ ಮತ್ತು ಶಿಕ್ಷೆ

ನಾನು ಹೈಸ್ಕೂಲು ಓದಿದ್ದು ಚಿತ್ರದುರ್ಗದ ಕಡೆಯ ಬಯಲು ಸೀಮೆಯಲ್ಲಿ. ಶಾಲೆಯ ಹೆಸರು ಬೇಡ. ವಾರಕ್ಕೆರಡು ಬಾರಿ ತೋಟಗಾರಿಕೆಯ ಅವಧಿ ಎಂದು ವೇಳಾಪಟ್ಟಿಯಲ್ಲಿ ಬರೆದಿತ್ತು. ಶಾಲೆಯ ಹಿಂದೆ ನಾಲ್ಕು ಪಾತಿಗಳಿದ್ದವು, ಒಂದರಲ್ಲಿ ಸೊಪ್ಪು, ಮೂರರಲ್ಲಿ ಗರಿಕೆ. ಆ ಅವಧಿಯಲ್ಲಿ ಗಣಿತದ ಮೇಷ್ಟ್ರು ಬಾಕಿ ಉಳಿದ ಪಾಠ ಮುಗಿಸುತ್ತಿದ್ದರು. ಹಾಗಾದರೆ ತೋಟದ ಕೆಲಸ ಮಾಡುತ್ತಿದ್ದವರು ಯಾರು? ಮನೆಗೆಲಸ ಬರೆಯದವರು, ತಡವಾಗಿ ಬಂದವರು, ಗಲಾಟೆ ಮಾಡಿದವರು. ಬೆಂಚಿನ ಮೇಲೆ ನಿಲ್ಲುವುದು ಸಣ್ಣ ಶಿಕ್ಷೆ, ತೋಟದಲ್ಲಿ ಕಳೆ ಕೀಳುವುದು ದೊಡ್ಡ ಶಿಕ್ಷೆ. ಮಣ್ಣು ಮುಟ್ಟುವುದು ದಡ್ಡರ ಕೆಲಸವೆಂಬ ಪಾಠವನ್ನು ಯಾವ ಪುಸ್ತಕದ ನೆರವೂ ಇಲ್ಲದೆ ಮೂರು ವರ್ಷ ನಮಗೆ ಕಲಿಸಲಾಯಿತು.

ಈ ಮಾತನ್ನು ಯಾವ ಶಿಕ್ಷಕರ ಮೇಲಿನ ಸಿಟ್ಟಿನಿಂದಲೂ ಬರೆಯುತ್ತಿಲ್ಲ. ಅವರಿಗೆ ಬೇಸಾಯ ಕಲಿಸುವ ತರಬೇತಿಯೂ ಇರಲಿಲ್ಲ, ಹಣವೂ ಇರಲಿಲ್ಲ. ಆದರೆ ಶಾಲೆಯ ಹಿಂದಿನ ನಾಲ್ಕು ಪಾತಿಗಳಿಂದ ಬೇಸಾಯ ಶಿಕ್ಷಣ ಆಗುವುದಿಲ್ಲವೆಂಬುದು ಬಹಳ ಹಿಂದೆಯೇ ಗೊತ್ತಾಗಿದ್ದ ಸಂಗತಿ. ಅದನ್ನು ಕಂಡುಕೊಂಡವರ ಕಥೆ ಕೇಳುವಂತಿದೆ.

ಒಬ್ಬ ಕಾಲೇಜು ಅಧ್ಯಕ್ಷನ ಇಳಿದಾರಿ

ಅಮೆರಿಕದ ಕನೆಕ್ಟಿಕಟ್ ರಾಜ್ಯದ ಕೃಷಿ ಕಾಲೇಜಿಗೆ ರೂಫಸ್ ಸ್ಟಿಮ್ಸನ್ ಎಂಬುವರು ಅಧ್ಯಕ್ಷರಾಗಿದ್ದರು. 1908ರಲ್ಲಿ ಅವರು ಆ ಹುದ್ದೆಯನ್ನು ಬಿಟ್ಟು ಮ್ಯಾಸಚೂಸೆಟ್ಸ್‌ನ ನಾರ್ತಾಂಪ್ಟನ್ ಊರಿನಲ್ಲಿ ಹೊಸದಾಗಿ ತೆರೆದ ಸ್ಮಿತ್ ಕೃಷಿ ಶಾಲೆಯ ಮುಖ್ಯಸ್ಥರಾದರು. ಕಾಲೇಜಿನಿಂದ ಶಾಲೆಗೆ! ನಮ್ಮಲ್ಲಾದರೆ ಇದನ್ನು ಹಿಂಬಡ್ತಿ ಎನ್ನುತ್ತಿದ್ದರು. ಸ್ಟಿಮ್ಸನ್ ಓದಿದ್ದು ತತ್ತ್ವಶಾಸ್ತ್ರ, ಆದರೆ ಅವರಿಗೆ ಹೊಳೆದ ವಿಚಾರ ಅಪ್ಪಟ ಒಕ್ಕಲುತನದ್ದು.

ಅವರು ಗಮನಿಸಿದ್ದು ಇಷ್ಟು. ಪುಸ್ತಕ ಓದಿ ಯಾರೂ ಹಾಲು ಕರೆಯಲು ಕಲಿಯುವುದಿಲ್ಲ. ಶಾಲೆಯ ಜಮೀನಿನಲ್ಲಿ ಕೆಲಸ ಮಾಡಿಸಿದರೂ ಕಲಿಕೆ ಅರ್ಧವೇ. ಅಲ್ಲಿ ಬೆಳೆ ಹೋದರೆ ನಷ್ಟ ಶಾಲೆಗೆ, ಬಂದರೆ ಲಾಭವೂ ಶಾಲೆಗೆ. ಹುಡುಗ ಹೇಳಿದಷ್ಟು ಮಾಡುವ ಆಳಾಗಿರುತ್ತಾನೆಯೇ ಹೊರತು ಬೇಸಾಯಗಾರನಾಗುವುದಿಲ್ಲ. ಆದ್ದರಿಂದ ಅವರು ಶಾಲೆಯ ಪಾಠವನ್ನು ಹುಡುಗನ ಮನೆಯ ಜಮೀನಿಗೆ ಜೋಡಿಸಿದರು. ಪ್ರತಿ ವಿದ್ಯಾರ್ಥಿಯೂ ತಂದೆಯಿಂದ ಒಂದು ತುಂಡು ಹೊಲವನ್ನೋ, ಕೆಲವು ಕೋಳಿಗಳನ್ನೋ, ಒಂದು ಕರುವನ್ನೋ ತನ್ನ ಪಾಲಿಗೆ ಪಡೆಯಬೇಕು. ಬೆಳೆಯ ಯೋಜನೆಯನ್ನು ತರಗತಿಯಲ್ಲಿ ಬರೆಯಬೇಕು, ಮನೆಯಲ್ಲಿ ನಡೆಸಬೇಕು. ಶಿಕ್ಷಕನು ಆ ಮನೆಗೆ ಹೋಗಿ ನೋಡಬೇಕು. ಹುಡುಗ ಖರ್ಚು ಆದಾಯಗಳ ಲೆಕ್ಕ ಬರೆದಿಡಬೇಕು. ಇದಕ್ಕೆ ಅವರು ಮನೆಯ ಯೋಜನೆ ಎಂದು ಹೆಸರಿಟ್ಟರು.

ಸುಮಾರು ಅದೇ ಕಾಲಕ್ಕೆ ಆ ದೇಶದ ದಕ್ಷಿಣದ ರಾಜ್ಯಗಳಲ್ಲಿ ಹುಡುಗರ ಮೆಕ್ಕೆಜೋಳದ ಸಂಘಗಳು ಹುಟ್ಟಿಕೊಂಡವು. ಒಬ್ಬೊಬ್ಬ ಹುಡುಗನಿಗೆ ಒಂದೊಂದು ಎಕರೆ. 1910ರಲ್ಲಿ ದಕ್ಷಿಣ ಕೆರೊಲಿನಾದ ಜೆರ್ರಿ ಮೂರ್ ಎಂಬ 15 ವರ್ಷದ ಹುಡುಗ ತನ್ನ ಒಂದು ಎಕರೆಯಲ್ಲಿ 228 ಮುಕ್ಕಾಲು ಬುಷೆಲ್ ಮೆಕ್ಕೆಜೋಳ ತೆಗೆದ. ಒಂದು ಬುಷೆಲ್ ಮೆಕ್ಕೆಜೋಳ 25.4 ಕಿಲೊ ತೂಗುವುದರಿಂದ ನಮ್ಮ ಲೆಕ್ಕದಲ್ಲಿ ಅದು ಎಕರೆಗೆ 58 ಕ್ವಿಂಟಲ್! ಸಂಕರಣ ಬೀಜ ಇನ್ನೂ ಬಾರದಿದ್ದ ಕಾಲವದು. ಗೊಬ್ಬರವನ್ನು ಧಾರಾಳವಾಗಿಯೇ ಸುರಿದಿದ್ದ. ಎಲ್ಲ ರೈತರೂ ಹಾಗೆ ಸುರಿದರೆ ಲಾಭ ಉಳಿಯುತ್ತಿತ್ತೆಂದು ನಾನು ಹೇಳಲಾರೆ.

ನನಗೆ ಇಳುವರಿಗಿಂತ ಆ ಸ್ಪರ್ಧೆಯ ಅಂಕ ಹಂಚಿಕೆ ಹೆಚ್ಚು ಹಿಡಿಸಿತು. ಎಕರೆ ಇಳುವರಿಗೆ ನೂರಕ್ಕೆ 30 ಅಂಕ, ಲಾಭಕ್ಕೆ 30, ಪ್ರದರ್ಶನಕ್ಕಿಟ್ಟ ಹತ್ತು ತೆನೆಗಳಿಗೆ 20, ಬೆಳೆಸಿದ ಬಗೆಯನ್ನು ಬರೆದ ವರದಿಗೆ 20. ಇಳುವರಿಯೊಂದನ್ನೇ ನೋಡಿ ಬಹುಮಾನ ಕೊಡುವ ನಮ್ಮ ಬೆಳೆ ಸ್ಪರ್ಧೆಗಳು ಇದನ್ನು ಗಮನಿಸಬಹುದಿತ್ತು.

1917ರ ಫೆಬ್ರುವರಿಯಲ್ಲಿ ಅಮೆರಿಕದ ಅಧ್ಯಕ್ಷ ವುಡ್ರೊ ವಿಲ್ಸನ್ ಸ್ಮಿತ್-ಹ್ಯೂಸ್ ಕಾಯಿದೆಗೆ ಸಹಿ ಹಾಕಿದರು. ಹೈಸ್ಕೂಲುಗಳಲ್ಲಿ ಬೇಸಾಯ, ಕೈಗಾರಿಕೆ, ಗೃಹವಿಜ್ಞಾನಗಳನ್ನು ವೃತ್ತಿಯಾಗಿ ಕಲಿಸಲು ಕೇಂದ್ರ ಸರ್ಕಾರ ಹಣ ಕೊಡಬೇಕೆಂಬುದು ಅದರ ಸಾರ. ಹಣಕ್ಕೊಂದು ಷರತ್ತಿತ್ತು. ಬೇಸಾಯ ಕಲಿಯುವ ವಿದ್ಯಾರ್ಥಿ ವರ್ಷಕ್ಕೆ ಕನಿಷ್ಠ ಆರು ತಿಂಗಳು ಶಿಕ್ಷಕನ ಮೇಲ್ವಿಚಾರಣೆಯಲ್ಲಿ ಜಮೀನಿನ ಮೇಲೆ ದುಡಿಯಬೇಕು, ಅದು ಶಾಲೆಯ ಜಮೀನಾದರೂ ಸರಿ, ಬೇರೆ ಜಮೀನಾದರೂ ಸರಿ. ಸ್ಟಿಮ್ಸನ್ ಅವರ ವಿಚಾರ ಹೀಗೆ ಕಾನೂನಿನೊಳಗೆ ಸೇರಿತು.

1928ರಲ್ಲಿ ಕಾನ್ಸಾಸ್ ಸಿಟಿಯಲ್ಲಿ 18 ರಾಜ್ಯಗಳ 33 ವಿದ್ಯಾರ್ಥಿಗಳು ಸೇರಿ ಅಮೆರಿಕದ ಭಾವೀ ರೈತರು ಎಂಬ ಸಂಘ ಕಟ್ಟಿದರು. ಈಗ ಅದರ ಸದಸ್ಯರು ಹತ್ತು ಲಕ್ಷದ ಆಸುಪಾಸಿನಲ್ಲಿದ್ದಾರೆ. ಎಲ್ಲವೂ ಚೆಂದವಾಗಿತ್ತೆಂದು ತಿಳಿಯಬೇಡಿ. ಕಪ್ಪು ಜನರ ಮಕ್ಕಳಿಗೆ ಶಾಲೆಯೂ ಬೇರೆ, ಸಂಘವೂ ಬೇರೆ. ಎರಡು ಸಂಘಗಳು ಒಂದಾದದ್ದು 1965ರಲ್ಲಿ. ಹೆಣ್ಣುಮಕ್ಕಳಿಗೆ ದೇಶಮಟ್ಟದಲ್ಲಿ ಬಾಗಿಲು ತೆರೆದದ್ದು 1969ರಲ್ಲಿ. ಬೇಸಾಯಗಾರರ ಸಂಖ್ಯೆ ಇಳಿಯುತ್ತ ಹೋದಂತೆ 1963ರ ಕಾಯಿದೆಯು ಬೀಜ, ಯಂತ್ರ, ಸಂಸ್ಕರಣೆ, ಮಾರಾಟಗಳನ್ನೂ ಈ ಶಿಕ್ಷಣದೊಳಗೆ ಸೇರಿಸಿತು. 1988ರಲ್ಲಿ ಸಂಘವು ತನ್ನ ಹೆಸರಿನಿಂದ ಭಾವೀ ರೈತರು ಎಂಬ ಮಾತನ್ನು ಬಿಟ್ಟು ಮೂರು ಅಕ್ಷರಗಳ ಎಫ್‌ಎಫ್‌ಎ ಎಂಬುದನ್ನಷ್ಟೆ ಉಳಿಸಿಕೊಂಡಿತು. ಕಲಿತವರೆಲ್ಲ ರೈತರಾಗುವುದಿಲ್ಲವೆಂಬುದನ್ನು ಅವರೇ ಒಪ್ಪಿದಂತಾಯಿತು. ಆದರೆ ಲೆಕ್ಕದ ಪುಸ್ತಕವನ್ನು ಮಾತ್ರ ಅವರು ಬಿಡಲಿಲ್ಲ.

ನಮ್ಮಲ್ಲಿ ಏನಾಯಿತು?

ನಮ್ಮಲ್ಲಿ ಪ್ರಯತ್ನಗಳು ಕಡಿಮೆಯಿರಲಿಲ್ಲ. ಡಾ. ಲೆಸ್ಲಿ ಕೋಲ್ಮನ್ ಅವರ ಕಾಲದಲ್ಲಿ, 1913ರಲ್ಲಿ, ಹೆಬ್ಬಾಳದಲ್ಲಿ ಮೈಸೂರು ಸರ್ಕಾರದ ಕೃಷಿ ಶಾಲೆ ಆರಂಭವಾಯಿತು. 1946ರಲ್ಲಿ ಅದು ಕಾಲೇಜಾಯಿತು. ಶಾಲೆ ಬೆಳೆದು ಕಾಲೇಜಾದದ್ದು ಸಂತೋಷವೇ. 1937ರಲ್ಲಿ ಗಾಂಧೀಜಿಯವರು ವಾರ್ಧಾದಲ್ಲಿ ಕೈಕಸುಬಿನ ಮೂಲಕವೇ ಎಲ್ಲ ಪಾಠ ಎಂಬ ಮೂಲಶಿಕ್ಷಣವನ್ನು ದೇಶದ ಮುಂದಿಟ್ಟರು. 1952-53ರ ಮುದಲಿಯಾರ್ ಆಯೋಗವು ಬಹೂದ್ದೇಶ ಹೈಸ್ಕೂಲುಗಳನ್ನು ಸೂಚಿಸಿತು. ಅವುಗಳಲ್ಲಿದ್ದ ಏಳು ವಿಭಾಗಗಳಲ್ಲಿ ಕೃಷಿಯೂ ಒಂದು. ನಿಮ್ಮಲ್ಲಿ ಹಿರಿಯರು ಯಾರಾದರೂ ಆ ಹೈಸ್ಕೂಲುಗಳಲ್ಲಿ ಓದಿರಬಹುದು.

1964-66ರ ಕೊಠಾರಿ ಆಯೋಗವು ಇದನ್ನೆಲ್ಲ ಪರಿಶೀಲಿಸಿ ನಿಷ್ಠುರವಾದ ಮಾತು ಹೇಳಿತು. ಪ್ರಾಥಮಿಕ ಮತ್ತು ಕೆಳ ಪ್ರೌಢ ಹಂತದಲ್ಲಿ ತರಗತಿಯ ಶಿಕ್ಷಣದಿಂದ ಬೇಸಾಯದ ಕಸುಬನ್ನು ಕಲಿಸುವ ಪ್ರಯತ್ನಗಳು ವಿಫಲವಾಗಿವೆ, ಅಂಥ ಯೋಜನೆಗಳನ್ನು ಸದ್ಯಕ್ಕೆ ನಿಲ್ಲಿಸುವುದು ಮೇಲು. ಅದರ ಬದಲಿಗೆ ಹತ್ತನೆಯ ತರಗತಿಯ ನಂತರ ಕೃಷಿ ಪಾಲಿಟೆಕ್ನಿಕ್‌ಗಳು ಬೇಕೆಂದಿತು. ಈಗಿನ ನಮ್ಮ ಡಿಪ್ಲೊಮಾಗಳು ಆ ಸಲಹೆಯ ದಾರಿಯಲ್ಲೇ ಇವೆ.

ಆಯೋಗದ ತೀರ್ಪನ್ನು ನಾನು ಅಲ್ಲಗಳೆಯುವುದಿಲ್ಲ. ಶಾಲೆಯ ಹಿಂದಿನ ಪಾತಿಗಳನ್ನು ಕಣ್ಣಾರೆ ಕಂಡವಳು. ಆದರೆ ವಿಫಲವಾದದ್ದು ಯಾವುದು? ನಮ್ಮಲ್ಲಿ ಬಂದದ್ದು ಪಠ್ಯಪುಸ್ತಕ ಮತ್ತು ಶಾಲಾ ತೋಟ. ಸ್ಟಿಮ್ಸನ್ ಅರ್ಧ ಕಲಿಕೆ ಎಂದು ಬಿಟ್ಟದ್ದನ್ನೇ ನಾವು ಹಿಡಿದೆವು. ಹುಡುಗನ ಸ್ವಂತದ ಹೊಲ, ಸ್ವಂತದ ಲೆಕ್ಕ, ಮನೆಗೆ ಬಂದು ನೋಡುವ ಶಿಕ್ಷಕ, ಈ ಮೂರೂ ಬರಲಿಲ್ಲ. ಅಮೆರಿಕದ ಟೆನೆಸಿ ವಿಶ್ವವಿದ್ಯಾಲಯದ ತಜ್ಞರು 1960ರ ದಶಕದಲ್ಲಿ ಬೆಂಗಳೂರಿಗೆ ಬಂದು ನಮ್ಮ ಕೃಷಿ ವಿಶ್ವವಿದ್ಯಾಲಯ ಕಟ್ಟಲು ನೆರವಾದರು. ಅಲ್ಲಿನ ವಿಶ್ವವಿದ್ಯಾಲಯದ ಮಾದರಿ ಹಡಗು ಹತ್ತಿ ಬಂತು, ಹೈಸ್ಕೂಲಿನ ಮಾದರಿ ಬಂದರಿನಲ್ಲೇ ಉಳಿಯಿತು ಎಂದು ನಾನು ವಿದ್ಯಾರ್ಥಿಗಳೆದುರು ತಮಾಷೆ ಮಾಡುವುದುಂಟು.

ಆಮೇಲಿನದು ಸಂಕ್ಷೇಪವಾಗಿ. ಪದವಿಪೂರ್ವ ಹಂತದಲ್ಲಿ ಜೆಒಸಿ ಎಂಬ ವೃತ್ತಿ ಶಿಕ್ಷಣ ಹಲವು ವರ್ಷ ನಡೆದು ನಿಂತುಹೋಯಿತು. 2013ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟನ್ನು ತಂದಿತು. ಅದರಡಿ ನಮ್ಮ ರಾಜ್ಯದ ಕೆಲವು ಸರ್ಕಾರಿ ಪ್ರೌಢಶಾಲೆಗಳಲ್ಲಿ ಆಟೊಮೊಬೈಲ್, ರಿಟೇಲ್, ಮಾಹಿತಿ ತಂತ್ರಜ್ಞಾನ, ಸೌಂದರ್ಯ ಮತ್ತು ಆರೋಗ್ಯ ಮುಂತಾದ ವಿಷಯಗಳನ್ನು ಮೂರನೆಯ ಭಾಷೆಯ ಜಾಗದಲ್ಲಿ ತೆಗೆದುಕೊಂಡು ಎಸ್ಸೆಸ್ಸೆಲ್ಸಿ ಬರೆಯುವ ಅವಕಾಶವಾಯಿತು. ಭೋಪಾಲದ ಕೇಂದ್ರೀಯ ವೃತ್ತಿ ಶಿಕ್ಷಣ ಸಂಸ್ಥೆಯು ಒಂಬತ್ತನೆಯ ತರಗತಿಗೆ ಕೃಷಿ ಪಠ್ಯವನ್ನೂ ಸಿದ್ಧಪಡಿಸಿದೆ. ಅದು ಟೊಮೆಟೊ, ಬದನೆ, ಮೆಣಸಿನಕಾಯಿಯಂಥ ಬೆಳೆಗಳ ಬೇಸಾಯಗಾರನಿಗೆಂದು ಬರೆದದ್ದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಆರರಿಂದ ಎಂಟನೆಯ ತರಗತಿಯೊಳಗೆ ಹತ್ತು ದಿನ ಪುಸ್ತಕದ ಚೀಲವಿಲ್ಲದೆ ಕಸುಬುದಾರರ ಬಳಿ ಕಲಿಯುವ ಮಾತಾಡಿತು. ಹತ್ತು ದಿನದಲ್ಲಿ ಮೂಲಂಗಿಯೂ ಬೆಳೆಯುವುದಿಲ್ಲ, ಆದರೂ ಇಲ್ಲದಿರುವುದಕ್ಕಿಂತ ಮೇಲು.

ಅಣ್ಣನ ಹತ್ತು ಗುಂಟೆ

ಇನ್ನು ನನ್ನ ಮನೆಯ ಒಂದು ಸಂಗತಿ. 1994ರ ಮುಂಗಾರಿನಲ್ಲಿ ಅಣ್ಣ ಹತ್ತನೆಯ ತರಗತಿಯಲ್ಲಿದ್ದ, ನಾನು ಎಂಟರಲ್ಲಿ. ಅಪ್ಪ ಏನನ್ನು ಕಂಡರೋ, "ಬಾವಿ ಪಕ್ಕದ ಹತ್ತು ಗುಂಟೆ ನಿನ್ನದು, ಈರುಳ್ಳಿ ಹಾಕ್ಕೊ, ಬಂದ ದುಡ್ಡು ನಿನ್ನದೇ" ಎಂದು ಅಣ್ಣನಿಗೆ ಹೇಳಿದರು. ನನಗೂ ಬೇಕೆಂದೆ. "ನೀನು ಲೆಕ್ಕ ಬರಿ" ಎಂದರು. ಬೇಸರವಾಯಿತು, ಆದರೂ ನೋಟ್ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆದೆ. ಆ ಪುಸ್ತಕ ಈಗಲೂ ನನ್ನಲ್ಲಿದೆ.

ಬೀಜ 90 ರೂಪಾಯಿ. ಗೊಬ್ಬರ 210. ಕಳೆಗೆ ಕೂಲಿ ಹೆಣ್ಣಾಳು 12, ತಲಾ 15ರಂತೆ 180. ಚೀಲ 36, ಆರು ರೂಪಾಯಿಯಂತೆ 216. ಲಾರಿ ಬಾಡಿಗೆ ಚೀಲಕ್ಕೆ 8ರಂತೆ 288. ದಲಾಲಿ, ಹಮಾಲಿ, ತೂಕ ಎಲ್ಲ ಸೇರಿ 150. ಒಟ್ಟು 1134. ಆ ವರ್ಷ ನಾವು ಮಂಡಿಗೆ ಹೋದ ದಿನ ಬೆಲೆ ಬಿದ್ದಿತ್ತು. ಚೀಲಕ್ಕೆ 40 ರೂಪಾಯಿಯಂತೆ 1440 ಬಂತು. ಉಳಿದದ್ದು 306 ರೂಪಾಯಿ. ಅಣ್ಣ ಅದರಲ್ಲಿ ಒಂದು ಕೈಗಡಿಯಾರ ಕೊಳ್ಳುವ ಯೋಚನೆಯಲ್ಲಿದ್ದ.

ಆದರೆ ನಾನು ಪ್ರತಿದಿನ ಬರೆಯುತ್ತಿದ್ದುದರಿಂದ ನನ್ನ ಹಾಳೆಯಲ್ಲಿ ಇನ್ನೊಂದು ಸಾಲಿತ್ತು. ಬಿತ್ತಿದಂದಿನಿಂದ ಗಡ್ಡೆ ಕೊಯ್ದು ಆರಿಸುವವರೆಗೆ ಅಮ್ಮ ಮತ್ತು ನಾನು ದುಡಿದ ದಿನಗಳನ್ನು ಆಳಿನ ಲೆಕ್ಕದಲ್ಲಿ ಕೂಡಿಸಿದರೆ 31 ಆಳು. ಹೆಣ್ಣಾಳಿನ ದರ 15ರಂತೆ 465 ರೂಪಾಯಿ. ಗಂಡಾಳಿನ ದರ ಹಾಕಿದ್ದರೆ ಇನ್ನೂ ಹೆಚ್ಚಾಗುತ್ತಿತ್ತು. ಅದನ್ನು ಕಳೆದರೆ 159 ರೂಪಾಯಿ ನಷ್ಟ. ರಾತ್ರಿ ಊಟದ ಹೊತ್ತಿಗೆ ಇದನ್ನು ಓದಿ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮನೆಯವರ ಕೂಲಿ ಬರೆದರೆ ಯಾವ ಒಕ್ಕಲುತನವೂ ಉಳಿಯಲ್ಲ ಕಣವ್ವ" ಎಂದರು. ಅಮ್ಮ ಏನೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಒಲೆಯ ಮುಂದೆ ಕುಳಿತಿದ್ದಾಗ, "ಮೂವತ್ತೊಂದಲ್ಲ, ಮೂವತ್ತಮೂರು. ಎರಡು ದಿನ ನೀನು ಸ್ಕೂಲಿಗೆ ಹೋಗಿದ್ದೆ" ಎಂದಳು. ಅವಳೂ ಎಣಿಸಿದ್ದಳು.

ಕೈಗಡಿಯಾರ ಬರಲಿಲ್ಲ. ಅಣ್ಣ ಇವತ್ತಿಗೂ ಆ ಹೊಲವನ್ನೇ ಉಳುತ್ತಾನೆ. ಈರುಳ್ಳಿಯೊಂದನ್ನೇ ನೆಚ್ಚಿ ಯಾವ ವರ್ಷವೂ ಇಡೀ ಹೊಲಕ್ಕೆ ಹಾಕಿದವನಲ್ಲ. ನಾನು ಬೇಸಾಯ ಶಾಸ್ತ್ರಕ್ಕೆ ಬಂದದ್ದು ಆ ಹಾಳೆಗಳಿಂದಲೇ ಎಂದು ನನ್ನ ನಂಬಿಕೆ. ವಿಸ್ತರಣಾ ಕಾರ್ಯಕ್ರಮಗಳಲ್ಲಿ ಎಕರೆವಾರು ಖರ್ಚಿನ ಪಟ್ಟಿ ಹಾಕುವಾಗ ಮನೆಯ ಹೆಂಗಸರ ದುಡಿಮೆಯ ಕಲಂ ಬಿಟ್ಟುಹೋದರೆ ಆ ಪಟ್ಟಿಗೆ ನಾನು ಸಹಿ ಹಾಕುವುದಿಲ್ಲ. ಸಹೋದ್ಯೋಗಿಗಳು ಇದನ್ನು ನನ್ನ ಹಟವೆನ್ನುತ್ತಾರೆ.

ನೀವು ಮಾಡಬಹುದಾದದ್ದು

ನಿಮ್ಮ ಊರಿನ ಶಾಲೆಯಲ್ಲಿ ಕೃಷಿ ವಿಷಯ ಬರುವವರೆಗೆ ಕಾಯಬೇಕಾಗಿಲ್ಲ. 2015-16ರ ಕೃಷಿ ಗಣತಿಯಂತೆ ನಮ್ಮ ರಾಜ್ಯದ ಸರಾಸರಿ ಹಿಡುವಳಿ 1.36 ಹೆಕ್ಟೇರ್. ಅದರಲ್ಲಿ ಒಂದೆಕರೆಯನ್ನು ಹುಡುಗನ ಕೈಗೆ ಕೊಡಿ ಎಂದು ಹೇಳುವ ಹುಚ್ಚು ನನಗಿಲ್ಲ. ಒಂದು ಗುಂಟೆ ಸಾಕು. 33 ಅಡಿಗೆ 33 ಅಡಿ, ಅಂದರೆ 1089 ಚದರ ಅಡಿ.

ಗುಂಟೆಯ ಬೇಸಾಯದಲ್ಲಿ ಇಡೀ ಗಣಿತ ಪುಸ್ತಕವೇ ಅಡಗಿದೆ. ಟೊಮೆಟೊವನ್ನು ಸಾಲಿನಿಂದ ಸಾಲಿಗೆ 3 ಅಡಿ, ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ ಅಂತರದಲ್ಲಿ ನೆಟ್ಟರೆ ಒಂದು ಗಿಡಕ್ಕೆ ನಾಲ್ಕೂವರೆ ಚದರ ಅಡಿ, ಗುಂಟೆಗೆ 242 ಗಿಡ. ಒಂದು ಬೆಳೆಗೆ ಎಕರೆಗೆ 20 ಕಿಲೊ ಸಾರಜನಕವೆಂದು ಶಿಫಾರಸು ಇದ್ದರೆ ಗುಂಟೆಗೆ ಅರ್ಧ ಕಿಲೊ. ಯೂರಿಯಾದಲ್ಲಿ ಸಾರಜನಕ ಶೇಕಡ 46. ಹಾಗಾದರೆ ಯೂರಿಯಾ ಎಷ್ಟು? ಈ ಲೆಕ್ಕವನ್ನು ಮಗಳಿಗೆ ಬಿಡಿ. ಉತ್ತರ 1 ಕಿಲೊ 87 ಗ್ರಾಂ ಬಂದರೆ ಅವಳಿಗೆ ಶೇಕಡಾವಾರು ತಿಳಿದಿದೆ ಎಂದರ್ಥ. ಗೊಬ್ಬರದಂಗಡಿಯವನು ಹೇಳಿದಷ್ಟು ಚೀಲ ಹೊತ್ತು ತರುವ ಅಭ್ಯಾಸ ನಿಮಗಿದ್ದರೆ ಮಗಳ ಲೆಕ್ಕವನ್ನು ನಿಮ್ಮ ಹೊಲಕ್ಕೂ ಹಾಕಿ ನೋಡಬಹುದು.

ಬೀಜದ ಮೊಳಕೆ ಪರೀಕ್ಷೆಯನ್ನು ಮೊದಲ ಕೆಲಸವಾಗಿ ಕೊಡಿ. ನೂರು ಬೀಜ ಎಣಿಸಿ, ಒದ್ದೆ ಗೋಣಿತಟ್ಟಿನ ಮೇಲೆ ಸಾಲಾಗಿಟ್ಟು, ಸುರುಳಿ ಸುತ್ತಿ ನೆರಳಿನಲ್ಲಿಟ್ಟು, ಆರದಂತೆ ನೀರು ಚಿಮುಕಿಸುತ್ತ ಒಂದು ವಾರದಿಂದ ಹತ್ತು ದಿನದೊಳಗೆ ಮೊಳೆತವನ್ನು ಎಣಿಸಬೇಕು. ಪ್ರಮಾಣಿತ ಬೀಜಕ್ಕೆ ಇರಬೇಕಾದ ಕನಿಷ್ಠ ಮೊಳಕೆ ಶೇಂಗಾಕ್ಕೆ ನೂರಕ್ಕೆ 70, ಭತ್ತಕ್ಕೆ 80. ಮನೆಯ ಶೇಂಗಾ ಬೀಜ 55 ಮಾತ್ರ ಮೊಳೆತರೆ ಇಡೀ ಮನೆ ಆ ವರ್ಷ ಉಳಿದುಕೊಂಡಂತೆ.

ಹೋಲಿಕೆಯನ್ನೂ ಕಲಿಸಿ. ಇದು ನನ್ನ ಕಸುಬಾದ್ದರಿಂದ ಸ್ವಲ್ಪ ಒತ್ತಿ ಹೇಳುತ್ತೇನೆ. ಎರಡು ಗುಂಟೆ ಶೇಂಗಾ ಇದ್ದರೆ ಒಂದಕ್ಕೆ ಊಡು ಇಳಿಯುವ ಹೊತ್ತಿಗೆ, ಬಿತ್ತಿದ 30-35 ದಿನಕ್ಕೆ, ಜಿಪ್ಸಂ ಹಾಕಿ ಮಣ್ಣು ಏರಿಸಲಿ. ಎಕರೆಗೆ 200 ಕಿಲೊ ಅಂದರೆ ಗುಂಟೆಗೆ 5 ಕಿಲೊ. ಇನ್ನೊಂದಕ್ಕೆ ಜಿಪ್ಸಂ ಬೇಡ, ಮಣ್ಣು ಏರಿಸುವುದು ಎರಡಕ್ಕೂ ಇರಲಿ. ಉಳಿದದ್ದೆಲ್ಲ ಒಂದೇ: ಬೀಜ, ದಿನ, ಗೊಬ್ಬರ, ಕಳೆ. ಒಮ್ಮೆಗೆ ಒಂದೇ ವ್ಯತ್ಯಾಸ. ಕಿತ್ತ ಮೇಲೆ ಎರಡರಿಂದಲೂ ನೂರು ನೂರು ಕಾಯಿ ಒಡೆದು ಜೊಳ್ಳೆಷ್ಟು, ಗಟ್ಟಿಯೆಷ್ಟು ಎಂದು ಎಣಿಸಿ ಬರೆಯಲಿ. ಗುಂಟೆಯ ತೂಕವನ್ನು 40ರಿಂದ ಗುಣಿಸಿದರೆ ಎಕರೆ ಇಳುವರಿ. ಫಲಿತಾಂಶ ನಮ್ಮ ಶಿಫಾರಸಿಗೆ ವಿರುದ್ಧವಾಗಿ ಬಂದರೆ ನನಗೆ ಒಂದು ಕಾಗದ ಹಾಕಲಿ. ನಿಮ್ಮ ಮಣ್ಣಿನಲ್ಲಿ ಸುಣ್ಣದ ಅಂಶ ಮೊದಲೇ ಸಾಕಷ್ಟಿರಬಹುದು, ಮಣ್ಣು ಪರೀಕ್ಷೆಗೆ ಅದೇ ಕಾರಣವಾಗುತ್ತದೆ.

ಹೊಲವಿಲ್ಲದ ಮನೆಯಲ್ಲಿ ಒಂದು ಹೆಣ್ಣು ಕರು ಸಾಕು. ಕರುವಿನ ಎದೆ ಸುತ್ತಳತೆಯನ್ನು ಮುಂಗಾಲಿನ ಹಿಂಬದಿಯಲ್ಲಿ, ಉದ್ದವನ್ನು ಭುಜದ ಮುಂಭಾಗದಿಂದ ಪೃಷ್ಠದ ಎಲುಬಿನವರೆಗೆ ಅಂಗುಲದಲ್ಲಿ ಅಳೆಯಬೇಕು. ಸುತ್ತಳತೆಯನ್ನು ಸುತ್ತಳತೆಯಿಂದ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 300ರಿಂದ ಭಾಗಿಸಿದರೆ ತೂಕ ಪೌಂಡಿನಲ್ಲಿ ಬರುತ್ತದೆ. ಅದನ್ನು 2.2ರಿಂದ ಭಾಗಿಸಿದರೆ ಕಿಲೊ. ಸುತ್ತಳತೆ 40 ಅಂಗುಲ, ಉದ್ದ 36 ಅಂಗುಲದ ಕರು ಸುಮಾರು 87 ಕಿಲೊ ತೂಗುತ್ತದೆ. ಹದಿನೈದು ದಿನಕ್ಕೊಮ್ಮೆ ಅಳೆದು ಬರೆದರೆ ಮೇವು ಸಾಲುತ್ತಿದೆಯೋ ಇಲ್ಲವೋ ಎಂಬುದನ್ನು ಹುಡುಗಿಯೇ ನಿಮಗೆ ಹೇಳುತ್ತಾಳೆ.

ಕೆಲವು ಕಟ್ಟುಪಾಡುಗಳು ಮಾತ್ರ ಬೇಕೇ ಬೇಕು. ಕೊಟ್ಟ ಗುಂಟೆ ನಿಜವಾಗಿ ಮಗುವಿನದಾಗಿರಬೇಕು. ಬೆಳೆ ಚೆನ್ನಾಗಿ ಬಂದಾಗ ನಮ್ಮದು, ಹಾಳಾದಾಗ ನಿನ್ನದು ಎನ್ನಬಾರದು. ಬಂದ ಹಣವನ್ನು ಕೈಸಾಲವೆಂದು ತೆಗೆದುಕೊಳ್ಳಬಾರದು. ತೆಗೆದುಕೊಂಡರೆ ಅದನ್ನೂ ಪುಸ್ತಕದಲ್ಲಿ ಬರೆಯಲಿ, ಬಡ್ಡಿಸಮೇತ! ಇದನ್ನು ಕೂಲಿ ಉಳಿಸುವ ಉಪಾಯವಾಗಿ ಮಾಡಿಕೊಳ್ಳಬೇಡಿ. ಶಾಲೆ ತಪ್ಪಿಸಿ ಹೊಲಕ್ಕೆ ಕರೆಯುವುದು ಶಿಕ್ಷಣವಲ್ಲ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯಿದೆಯೂ 14 ವರ್ಷದೊಳಗಿನ ಮಕ್ಕಳು ಮನೆಯ ಕಸುಬಿನಲ್ಲಿ ನೆರವಾಗುವುದನ್ನು ಶಾಲೆಯ ವೇಳೆಯ ಹೊರಗೆ ಮತ್ತು ರಜೆಯಲ್ಲಿ ಮಾತ್ರ ಒಪ್ಪುತ್ತದೆ. ಕೀಟನಾಶಕದ ಡಬ್ಬಿ, ಸಿಂಪಡಣೆ ಯಂತ್ರ, ಒಕ್ಕಣೆ ಯಂತ್ರ, ತಿರುಗುವ ಟ್ರಾಕ್ಟರ್ ಶಾಫ್ಟು, ಕಟ್ಟೆಯಿಲ್ಲದ ಬಾವಿ, ಇವುಗಳ ಹತ್ತಿರಕ್ಕೆ ಮಕ್ಕಳನ್ನು ಬಿಡಲೇಬಾರದು. ಮಗುವಿನ ಗುಂಟೆಗೆ ಔಷಧಿ ಹೊಡೆಯಲೇಬೇಕಾದರೆ ನೀವು ಹೊಡೆಯಿರಿ, ಖರ್ಚನ್ನು ಅವನು ಬರೆದುಕೊಳ್ಳಲಿ.

ಮಗಳಿಗೂ ಗುಂಟೆ ಕೊಡಿ. ಲೆಕ್ಕ ಬರೆಯುವ ಕೆಲಸವನ್ನಷ್ಟೆ ಕೊಡಬೇಡಿ.

ನಾಲ್ಕಾರು ಮನೆಗಳ ಮಕ್ಕಳು ಹೀಗೆ ಶುರು ಮಾಡಿದರೆ ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಮಾತೆತ್ತಿ. ವಿಜ್ಞಾನದ ಮೇಷ್ಟ್ರನ್ನು ತಿಂಗಳಿಗೊಮ್ಮೆ ಹೊಲಕ್ಕೆ ಕರೆಯಿರಿ, ಬಂದರೆ ಎಳನೀರು ಕೊಡಿ. ಕೃಷಿ ವಿಜ್ಞಾನ ಕೇಂದ್ರಕ್ಕೆ ಕಾಗದ ಬರೆದರೆ ಅಲ್ಲಿಂದಲೂ ಒಬ್ಬರು ಬಂದು ನೋಡುತ್ತಾರೆ. ಗ್ರಾಮೀಣ ಯುವಕರಿಗೆ ತರಬೇತಿ ಕೊಡುವುದು ಆ ಕೇಂದ್ರಗಳ ಕೆಲಸಗಳಲ್ಲೊಂದು.

ಮುಂಗಾರೂ ಶಾಲೆಯೂ ಹೆಚ್ಚುಕಡಿಮೆ ಒಟ್ಟಿಗೇ ಬರುತ್ತವೆ. ಮೇ ತಿಂಗಳ ಸಂತೆಯಲ್ಲಿ ಪಠ್ಯದ ನೋಟ್ ಪುಸ್ತಕಗಳ ಜೊತೆ ನೂರು ಪುಟದ್ದೊಂದು ಹೆಚ್ಚಿಗೆ ಕೊಂಡುತನ್ನಿ. ಮೊದಲ ಪುಟದಲ್ಲಿ ಮಗುವಿನ ಹೆಸರು, ಗುಂಟೆಯ ಅಳತೆ, ಬಿತ್ತಿದ ತಾರೀಖು. ಎಡಗಡೆ ಖರ್ಚು, ಬಲಗಡೆ ಆದಾಯ, ಕೆಳಗೆ ಒಂದು ಸಾಲು ಬಿಡಿಸಿ ಮನೆಯವರ ಆಳು. ಆ ಸಾಲನ್ನು ದಿನಾ ಸಂಜೆಯೇ ತುಂಬಬೇಕು. ವಾರಕ್ಕೊಮ್ಮೆ ತುಂಬುತ್ತೇನೆಂದರೆ ಎರಡು ದಿನ ಎಲ್ಲೋ ತಪ್ಪಿಹೋಗುತ್ತದೆ.